ಋತು ಕಲಿಯಲು ಒಂದು ದಿನದ ಚಟುವಟಿಕೆ ಸಾಲದು

ಚಿಕ್ಕ ತರಗತಿಗಳಲ್ಲಿ ಋತುಗಳ ಪಾಠ ಬಂತೆಂದರೆ ಬಣ್ಣದ ಕಾಗದ, ಕತ್ತರಿ, ಅಂಟು ಹೊರಬರುತ್ತವೆ. ಹತ್ತಿಯ ಮೋಡ, ಕಾಗದದ ಎಲೆ, ನಗುವ ಸೂರ್ಯ ಎಲ್ಲವೂ ಸಂಜೆಯೊಳಗೆ ಗೋಡೆ ಸೇರುತ್ತವೆ. ಮಕ್ಕಳಿಗೆ ಖುಷಿಯಾಗುತ್ತದೆ, ಬೆರಳುಗಳಿಗೆ ಹಿಡಿತ ಬರುತ್ತದೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಋತುವೆಂದರೆ ಬದಲಾವಣೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ನೋಡಿದವರಿಗಷ್ಟೇ ಬದಲಾವಣೆ ಕಾಣುತ್ತದೆ. ಹಾಗಾಗಿ ಒಂದರಿಂದ ಮೂರನೇ ತರಗತಿಯ ಶಿಕ್ಷಕರಿಗೆ ತರಬೇತಿ ಕೊಡುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಒಂದು ದಿನಕ್ಕೆ ಮುಗಿಯುವ ಹತ್ತು ಚಟುವಟಿಕೆಗಳ ಬದಲು ವರ್ಷವಿಡೀ ನಡೆಯುವ ಎರಡನ್ನು ಆರಿಸಿಕೊಳ್ಳಿ.

ಮೊದಲನೆಯದು ಮರ. ಶಾಲೆಯ ಆವರಣದಲ್ಲೋ ಪಕ್ಕದಲ್ಲೋ ಮಕ್ಕಳ ಕೈಗೆಟುಕುವ ಕೊಂಬೆಯಿರುವ ಮರವೊಂದನ್ನು ಹುಡುಕಿ. ನಾಲ್ಕೈದು ಮಕ್ಕಳ ಗುಂಪಿಗೆ ಒಂದೊಂದು ರೆಂಬೆ ಹಂಚಿ, ಗುರುತಿಗೆ ಸಡಿಲವಾಗಿ ದಾರ ಕಟ್ಟಿ. ಹದಿನೈದು ದಿನಕ್ಕೊಮ್ಮೆ ಅದೇ ರೆಂಬೆಯ ಮುಂದೆ ನಿಂತು ಚಿತ್ರ ಬರೆಯಬೇಕು, ತಾರೀಖು ಹಾಕಬೇಕು. ಆರು ವರ್ಷದ ಮಗುವಿಗೆ ಮರ ಬರೆ ಎಂದರೆ ಕಂದು ಕಂಬದ ಮೇಲೊಂದು ಹಸಿರು ಉಂಡೆ ಬರೆಯುತ್ತದೆ. ಕಣ್ಣೆದುರಿನ ಮರವನ್ನಲ್ಲ, ತನಗೆ ಗೊತ್ತಿರುವ ಮರವನ್ನು ಬರೆಯುತ್ತದೆ. ಅದನ್ನು ತಿದ್ದಬೇಡಿ. ಪ್ರತಿಸಲವೂ ಎರಡೇ ಪ್ರಶ್ನೆ ಕೇಳಿ: ‘ಹೋದ ಸಲ ಇಲ್ಲದ್ದು ಈಗ ಏನಿದೆ? ಆಗ ಇದ್ದದ್ದು ಈಗ ಏನಿಲ್ಲ?’ ಈ ಪ್ರಶ್ನೆಗಳು ಮಗುವನ್ನು ಹಿಂದಿನ ಪುಟಕ್ಕೆ ಕಳಿಸುತ್ತವೆ, ಪುಟದಿಂದ ಮತ್ತೆ ರೆಂಬೆಗೆ ಕರೆತರುತ್ತವೆ. ಕೆಲವು ತಿಂಗಳಲ್ಲಿ ಉಂಡೆ ಒಡೆದು ಕವಲು ಬರುತ್ತವೆ, ಎಲೆಗೆ ನರ ಮೂಡುತ್ತವೆ, ಹುಳು ತಿಂದ ತೂತೂ ಚಿತ್ರಕ್ಕಿಳಿಯುತ್ತದೆ.

ಭಾಷೆ ಬೆಳೆಯುವುದೂ ಇಲ್ಲಿಯೇ. ಬರೀ ‘ಹಸಿರು’ ಸಾಲದೆ ಹೋದಾಗ ಮಗು ತಾನಾಗಿಯೇ ಎಳೆಹಸಿರು, ಕಡುಹಸಿರು, ಗಿಣಿಹಸಿರು ಎಂದು ಹುಡುಕತೊಡಗುತ್ತದೆ. ‘ಇತ್ತು’, ‘ಇದೆ’, ‘ಇನ್ನೂ ಬಂದಿಲ್ಲ’ ಎಂಬ ಕಾಲಭೇದವನ್ನು ವ್ಯಾಕರಣದ ಪಾಠವಿಲ್ಲದೆ ಬಳಸುತ್ತದೆ. ಬರೆಯಲು ಬಾರದ ಮಗು ಹೇಳಲಿ, ನೀವು ಅದರ ಮಾತನ್ನೇ ಚಿತ್ರದ ಕೆಳಗೆ ಬರೆದುಕೊಡಿ. ತಾನಾಡಿದ ಮಾತನ್ನು ಓದಲು ಮಕ್ಕಳಿಗೆ ಇರುವಷ್ಟು ಆಸೆ ಬೇರೆ ಯಾವ ಪಾಠಕ್ಕೂ ಇರುವುದನ್ನು ನಾನು ಕಂಡಿಲ್ಲ. ವರ್ಷವಿಡೀ ಹಸಿರಾಗಿರುವ ಮರವಾದರೆ ‘ಏನೂ ಬದಲಾಗಿಲ್ಲ’ ಎಂಬುದೂ ಸರಿಯಾದ ದಾಖಲೆಯೇ. ದಯವಿಟ್ಟು ಆ ಮಗುವಿನಿಂದ ಬಲವಂತವಾಗಿ ಬದಲಾವಣೆ ಹೇಳಿಸಬೇಡಿ. ಎಲೆ ಹಳದಿಯಾದದ್ದು ಏಕೆಂದು ಕೇಳಿದರೆ, ಎಲೆಯ ಹಸಿರು ಕರಗಿ, ಒಳಗೆ ಮೊದಲೇ ಇದ್ದ ಹಳದಿ ಕಾಣಿಸಿತು ಎಂದರೆ ಸಾಕು. ಅದು ನಿಜವೂ ಹೌದು, ಮಗುವಿಗೆ ದಕ್ಕುವಂಥದ್ದೂ ಹೌದು.

ಎರಡನೆಯದು ನೆರಳು. ಬಯಲಿನಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಗಡಿಯಾರದ ಅದೇ ಹೊತ್ತಿಗೆ, ನೆರಳಿನ ಉದ್ದಕ್ಕೆ ಸರಿಯಾಗಿ ಕಾಗದದ ಪಟ್ಟಿ ಕತ್ತರಿಸಿ. ಮೋಡ ಕವಿದಿದ್ದರೆ ಮರುದಿನ ನೋಡಿದರಾಯಿತು. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಪ್ರತಿಸಲವೂ ಎಚ್ಚರಿಸಿ. ಪಟ್ಟಿಗಳನ್ನು ತಿಂಗಳ ಕ್ರಮದಲ್ಲಿ ಗೋಡೆಗೆ ಅಂಟಿಸುತ್ತಾ ಹೋದರೆ ಅಂಕಿಯೊಂದೂ ಇಲ್ಲದೆ ಸ್ತಂಭಾಲೇಖ ಸಿದ್ಧವಾಗುತ್ತದೆ. ಒಂದನೇ ತರಗತಿಯವರು ಯಾವುದು ಉದ್ದ, ಯಾವುದು ಗಿಡ್ಡ ಎಂದು ಹೋಲಿಸಲಿ. ಎರಡನೆಯವರು ಗೇಣಿನಲ್ಲಿ ಅಳೆಯಲಿ. ಒಬ್ಬೊಬ್ಬರ ಗೇಣಿಗೆ ಒಂದೊಂದು ಉತ್ತರ ಬಂದು ಜಗಳವಾಗುತ್ತದೆ, ಆ ಜಗಳ ಆಗಲೇಬೇಕು. ಎಲ್ಲರಿಗೂ ಒಂದೇ ಅಳತೆ ಬೇಕೆಂಬ ಅಗತ್ಯ ಅಲ್ಲಿ ಹುಟ್ಟುತ್ತದೆ, ಮೂರನೇ ತರಗತಿಯಲ್ಲಿ ಕೈಗೆ ಬರುವ ಸೆಂಟಿಮೀಟರ್ ಸ್ಕೇಲಿಗೆ ಅರ್ಥ ಸಿಗುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಗೆ ಬಂದಾಗ ಕೋಲಿಗೆ ನೆರಳೇ ಇರುವುದಿಲ್ಲ. ಅಂಥ ಊರಿನ ಶಿಕ್ಷಕರು ಆ ದಿನಗಳನ್ನು ಮೊದಲೇ ತಿಳಿದುಕೊಂಡು ಮಕ್ಕಳನ್ನು ಹೊರಗೆ ಕರೆದೊಯ್ಯಬೇಕು.

ನೆರಳು ಏಕೆ ಹಿಗ್ಗಿ ಕುಗ್ಗುತ್ತದೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಇಲ್ಲಿ ಆತುರ ಬೇಡ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದರಿಂದ ಋತುಗಳು ಉಂಟಾಗುತ್ತವೆ, ನಿಜ. ಆದರೆ ಏಳು ವರ್ಷದ ಮಗು ಅದನ್ನು ಬಾಯಿಪಾಠ ಮಾಡಬಲ್ಲದೇ ಹೊರತು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಾರದು. ಅದಕ್ಕಿಂತ ಅಪಾಯಕಾರಿಯಾದದ್ದು ‘ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ’ ಎಂಬ ಸುಲಭದ ಉತ್ತರ. ಭೂಮಿ ಸೂರ್ಯನಿಗೆ ಅತಿ ಹತ್ತಿರವಾಗುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರಕ್ಕೆ. ಆಗ ಉತ್ತರಾರ್ಧಗೋಳದಲ್ಲಿ ಚಳಿಗಾಲ! ಜುಲೈ ಆರಂಭದಲ್ಲಿ ದೂರ 15.2 ಕೋಟಿ ಕಿಲೋಮೀಟರ್ ಆಗುತ್ತದೆ. ಚಿಕ್ಕಂದಿನಲ್ಲಿ ಬೇರೂರಿದ ಈ ತಪ್ಪನ್ನು ದೊಡ್ಡವರಾದ ಮೇಲೂ ಎಷ್ಟೋ ಜನ ಬಿಡುವುದಿಲ್ಲ. ‘ಪಟ್ಟಿಗಳನ್ನು ನೋಡು, ನಿನಗೇನು ಅನಿಸುತ್ತದೆ?’ ಎಂದು ಕೇಳಿ ಪ್ರಶ್ನೆಯನ್ನು ತೆರೆದಿಡಿ. ನೆರಳು ಗಿಡ್ಡವಾದ ತಿಂಗಳುಗಳಲ್ಲಿ ಸೂರ್ಯ ಮೇಲಿದ್ದ ಎಂಬಷ್ಟನ್ನು ಮಗು ತಾನೇ ಕಂಡುಕೊಂಡರೆ ಈ ವಯಸ್ಸಿಗೆ ಅದು ದೊಡ್ಡ ಕಲಿಕೆ.

ಮಳೆ ಬೀಳುವ ತಿಂಗಳುಗಳಲ್ಲಿ ಮಳೆಮಾಪಕವನ್ನೂ ಸೇರಿಸಿಕೊಳ್ಳಬಹುದು. ನೇರ ಗೋಡೆಯ, ಸಪಾಟು ತಳದ ಯಾವ ಪಾತ್ರೆಯಾದರೂ ಆದೀತು. ಅಗಲದ್ದೊಂದು, ಕಿರಿದಾದದ್ದೊಂದು ಪಕ್ಕಪಕ್ಕ ಇಟ್ಟು, ಯಾವುದರಲ್ಲಿ ನೀರು ಹೆಚ್ಚು ಎತ್ತರ ನಿಲ್ಲುತ್ತದೆ ಎಂದು ಮೊದಲೇ ಊಹಿಸಲು ಹೇಳಿ. ಎರಡರಲ್ಲೂ ಎತ್ತರ ಒಂದೇ ಇದ್ದದ್ದನ್ನು ಕಂಡು ತರಗತಿಯಲ್ಲಿ ಗದ್ದಲವಾಗುತ್ತದೆ.

ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಶಿಕ್ಷಕರ ಕಷ್ಟ ನನಗೆ ಅರ್ಥವಾಗುತ್ತದೆ. ಮರದ ಬಳಿ ಕಳೆಯುವ ಅರ್ಧ ಗಂಟೆಯನ್ನು ಭಾಷೆಯ ಅವಧಿಯಲ್ಲೇ ಲೆಕ್ಕ ಹಾಕಿ, ನೆರಳಿನದನ್ನು ಗಣಿತದಲ್ಲಿ. ಮೌಲ್ಯಮಾಪನಕ್ಕೂ ಬೇರೆ ಪರೀಕ್ಷೆ ಬೇಕಿಲ್ಲ. ಪೋಷಕರ ಸಭೆಯಲ್ಲಿ ಮಗುವಿನ ಮೊದಲ ಚಿತ್ರವನ್ನೂ ಇತ್ತೀಚಿನದನ್ನೂ ಒಟ್ಟಿಗೆ ಇಡಿ.

ವರ್ಷ ಮುಗಿದಾಗ ಈ ಪುಟಗಳನ್ನು ಎಸೆಯಬೇಡಿ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬವರು ಮೊದಲ ಹೂವು, ಮೊದಲ ಚಿಗುರಿನ ದಿನಗಳನ್ನು 1736ರಲ್ಲಿ ಬರೆದಿಡತೊಡಗಿದರು. ಅವರ ವಂಶದವರು 1958ರವರೆಗೂ ಅದನ್ನು ಮುಂದುವರಿಸಿದರು. ಹವಾಮಾನ ಬದಲಾವಣೆಯನ್ನು ಅಭ್ಯಸಿಸುವವರಿಗೆ ಆ ದಾಖಲೆ ಇಂದಿಗೂ ಬೇಕಾಗಿದೆ. ನಿಮ್ಮ ಮಕ್ಕಳ ದಾಖಲೆಯಲ್ಲೂ ಮರದ ಹೆಸರು, ದಿನ, ತಿಂಗಳು, ವರ್ಷ ಸ್ಪಷ್ಟವಾಗಿರಲಿ. ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಮುಂದಿನ ವರ್ಷದ ತರಗತಿಗೆ ಕೊಡಿ. ಹೊಸ ಮಕ್ಕಳಿಗೆ ಮೊದಲ ದಿನವೇ ಹೋಲಿಸಲು ಒಂದು ವರ್ಷ ಸಿಕ್ಕಿರುತ್ತದೆ.