ವಿಮಾನದ ಟೈಮ್ ಬದಲಾಯ್ತು, ಜೊತೆಗೆ ಚಿಕ್ಕ ಮಕ್ಕಳಿದ್ದಾರೆ. ಈಗ ಏನು ಮಾಡೋದು?

ಪ್ರಶ್ನೆ: ನಾವು ಮೈಸೂರಿನವರು. ಏಪ್ರಿಲ್ ರಜೆಗೆ ಬೆಂಗಳೂರಿನಿಂದ ದೆಹಲಿಗೆ ಹೋಗಲು ಜನವರಿಯಲ್ಲೇ ಟಿಕೆಟ್ ತೆಗೆದಿದ್ದೆವು. ಬೆಳಗ್ಗೆ 10:40ರ ವಿಮಾನ. ಈಗ ಅದು ಬೆಳಗಿನ ಜಾವ 5:25ಕ್ಕೆ ಬದಲಾಗಿದೆ, ಒಪ್ಪಿಗೆ ಒತ್ತಿ ಅಂತ ಮೆಸೇಜ್ ಬಂದಿದೆ. ಮಗಳಿಗೆ 4 ವರ್ಷ, ಮಗನಿಗೆ 14 ತಿಂಗಳು. ಅತ್ತೆಯೂ ಬರುತ್ತಿದ್ದಾರೆ. ಸುಮ್ನೆ ಒಪ್ಪಿಕೊಂಡುಬಿಡೋದಾ, ಬೇರೆ ದಾರಿ ಇದೆಯಾ?

ಉತ್ತರ: ನೀವಿನ್ನೂ ಒಪ್ಪಿಗೆ ಒತ್ತಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಈಗಲೇ ಒತ್ತಬೇಡಿ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ಕೂತು ಯೋಚಿಸಿ, ನಾಳೆ ಫೋನ್ ಮಾಡಿ.

ನೀವಾಗಿ ಟೈಮ್ ಬದಲಿಸಿಕೊಳ್ಳಲು ಹೋದರೆ ಸಾಮಾನ್ಯವಾಗಿ ಶುಲ್ಕ ಕಟ್ಟಬೇಕು, ದರದಲ್ಲಿ ವ್ಯತ್ಯಾಸ ಇದ್ದರೆ ಅದನ್ನೂ ತುಂಬಬೇಕು. ಈ ಸಲ ಬದಲಿಸಿದ್ದು ಕಂಪನಿ. ಅದಕ್ಕೇ ಮೆಸೇಜ್ ಬಂದ ಮೇಲೆ, ನೀವು ಒಪ್ಪುವ ಮೊದಲು, 'ಈ ಟೈಮ್ ನಮಗೆ ಆಗಲ್ಲ, ಅದೇ ದಿನದ ಬೇರೆ ವಿಮಾನ ಕೊಡಿ' ಎಂದು ಕೇಳುವ ಅವಕಾಶ ನಿಮಗಿದೆ. ಒಮ್ಮೆ ಒಪ್ಪಿದರೆ 5:25 ನಿಮ್ಮದೇ ಟೈಮ್ ಆಗಿಬಿಡುತ್ತದೆ. ಆಮೇಲೆ ಬದಲಿಸಿದರೆ ದುಡ್ಡು ನಿಮ್ಮದು. ಹಾಗಂತ ವಾರಗಟ್ಟಲೆ ಕಾಯಬೇಡಿ. ನಿಮ್ಮ ಹಾಗೇ ಮೆಸೇಜ್ ಬಂದವರು ಇನ್ನೂ ಎಷ್ಟೋ ಜನ ಇರುತ್ತಾರೆ, ಒಳ್ಳೆ ಟೈಮಿನ ವಿಮಾನಗಳು ಬೇಗ ತುಂಬುತ್ತವೆ.

ಫೋನ್ ಮಾಡುವ ಮೊದಲು ಹೊಸ ಟೈಮನ್ನು ಮಕ್ಕಳ ದಿನಚರಿಯ ಜೊತೆ ಇಟ್ಟು ನೋಡಿ. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ ಮುಂಚೆ ತಲುಪಬೇಕು, ಅಂದರೆ 3:25. ಮೈಸೂರಿನಿಂದ ದೇವನಹಳ್ಳಿಗೆ ಫ್ಲೈಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಮಕ್ಕಳ ಜೊತೆ ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಬೇಕು. ಮನೆ ಬಿಡುವುದು ಹಿಂದಿನ ರಾತ್ರಿ 11ಕ್ಕೆ. 14 ತಿಂಗಳ ಮಗು ಹೆಗಲ ಮೇಲೆ ನಿದ್ದೆ ಹೋಗುತ್ತದೆ. ಕಷ್ಟವಾಗುವುದು 4 ವರ್ಷದವಳಿಗೆ. ಎತ್ತಿಕೊಳ್ಳಲು ದೊಡ್ಡವಳು, ನಿದ್ದೆಗಣ್ಣಲ್ಲಿ ನಡೆಯಲು ಚಿಕ್ಕವಳು. ಅಂಥ ಹೊತ್ತಲ್ಲಿ ಕೈಯಲ್ಲಿರುವ ಗೊಂಬೆಯನ್ನೂ ಸೆಕ್ಯೂರಿಟಿ ಟ್ರೇಗೆ ಹಾಕು ಅಂದರೆ ಅವಳು ರಚ್ಚೆ ಹಿಡಿದೇ ಹಿಡಿಯುತ್ತಾಳೆ. ಅದು ಹಟ ಅಲ್ಲ, ನಿದ್ದೆ. ದಯವಿಟ್ಟು ಗದರಬೇಡಿ.

ಇಳಿದ ಮೇಲಿನದನ್ನೂ ಯೋಚಿಸಿ. ದೆಹಲಿಗೆ ಮೂರು ಗಂಟೆ ಹತ್ತಿರದ ಪ್ರಯಾಣ. ಎಂಟೂಕಾಲಿಗೆಲ್ಲ ಇಳಿದುಬಿಡುತ್ತೀರಿ. ಹೋಟೆಲ್ ರೂಮ್ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೋ 2ಕ್ಕೋ. ರಾತ್ರಿಯಿಡೀ ಸರಿಯಾಗಿ ಮಲಗದ ಎರಡು ಮಕ್ಕಳನ್ನು ಅಷ್ಟು ಹೊತ್ತು ಎಲ್ಲಿ ಮಲಗಿಸುತ್ತೀರಿ? ಹಳೆ ಟೈಮಿನಲ್ಲಿ ಈ ತೊಂದರೆ ಇರಲಿಲ್ಲ, ಅಲ್ವಾ? ನಾನಾಗಿದ್ದರೆ ಮಧ್ಯಾಹ್ನ 1ರಿಂದ 2ರ ಒಳಗಿನ ವಿಮಾನ ಕೇಳುತ್ತಿದ್ದೆ. ಬೆಳಗ್ಗೆ ಏಳಕ್ಕೆ ತಿಂಡಿ ತಿಂದು ಮೈಸೂರು ಬಿಡಬಹುದು. ಚಿಕ್ಕವನ ಮಧ್ಯಾಹ್ನದ ನಿದ್ದೆ ವಿಮಾನದಲ್ಲೇ ಆಗುತ್ತದೆ. ಸಂಜೆ ಏಳರ ವಿಮಾನ ಕೊಡುತ್ತೇವೆ ಅಂದರೆ ಬೇಡ. ಊಟದ ಹೊತ್ತು, ಮಲಗುವ ಹೊತ್ತು ಎರಡೂ ಆಕಾಶದಲ್ಲಿ ಕಳೆಯುತ್ತವೆ.

ಇಷ್ಟು ಮುಂಚೆ ಟಿಕೆಟ್ ಮಾಡಿದರೂ ಯಾಕೆ ಹೀಗಾಯಿತು ಅಂತ ಬೇಸರ ಆಗಿರಬಹುದು. ನಿಜ ಹೇಳಬೇಕೆಂದರೆ ಮುಂಚೆ ಮಾಡಿದ್ದಕ್ಕೂ ಇದಕ್ಕೂ ಸಂಬಂಧ ಇದೆ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಹೊಸದಾಗುತ್ತದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೇಸಿಗೆಯ ಪಟ್ಟಿ ಶುರು, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಚಳಿಗಾಲದ್ದು. ಎಷ್ಟೋ ತಿಂಗಳ ಮುಂಚೆ ಟಿಕೆಟ್ ಮಾರುವಾಗ ಕಂಪನಿಗಳು ತೋರಿಸುವ ಟೈಮ್ ಒಂದು ಅಂದಾಜು ಅಂತಲೇ ತಿಳಿದುಕೊಳ್ಳಿ. ಯಾವ ನಿಲ್ದಾಣದಲ್ಲಿ ಯಾವ ಹೊತ್ತಿಗೆ ಜಾಗ ಸಿಕ್ಕಿತು ಅನ್ನುವುದು ತೀರ್ಮಾನವಾದ ಮೇಲೆ ಟೈಮ್ ಗಟ್ಟಿಯಾಗುತ್ತದೆ. ನಮ್ಮ ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಶುರುವಾಗುವುದು ಹೊಸ ಪಟ್ಟಿ ಬಂದು ಎರಡು ವಾರಕ್ಕೆ. ಜನವರಿಯಲ್ಲಿ ಏಪ್ರಿಲ್‌ಗೆ ಟಿಕೆಟ್ ತೆಗೆದ ಯಾರಿಗಾದರೂ ಈ ಮೆಸೇಜ್ ಬರಬಹುದು. ಕ್ರಿಸ್‌ಮಸ್ ರಜೆಗೆ ಆಗಸ್ಟ್‌ನಲ್ಲಿ ತೆಗೆದವರಿಗೂ ಅಷ್ಟೇ. ಇನ್ನು ಕೆಲವು ಸಲ ಕಾರಣ ಯಾರ ಕೈಯಲ್ಲೂ ಇರುವುದಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ಉತ್ತರ ಭಾರತದಿಂದ ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮ ಕಂಪನಿಗಳ ವಿಮಾನಗಳು ಸುತ್ತಿಕೊಂಡು ಹೋಗಬೇಕಾಯಿತು.

ಈಗ ನಿಯಮ. ವಿಮಾನ ರದ್ದಾದರೆ ಬದಲಿ ವಿಮಾನ ಕೊಡಬೇಕು ಅಥವಾ ಹಣ ವಾಪಸ್ ಮಾಡಬೇಕು, ಅದೂ ಪ್ರಯಾಣಿಕರಿಗೆ ಒಪ್ಪಿಗೆಯಾಗುವ ಹಾಗೆ ಎನ್ನುತ್ತದೆ ವಿಮಾನ ಕಂಪನಿಗಳಿಗೆ ನಿಯಮ ಹಾಕುವ ನಮ್ಮ ಸರ್ಕಾರಿ ಸಂಸ್ಥೆ ಡಿಜಿಸಿಎ. ಎರಡು ವಾರಕ್ಕಿಂತ ಮುಂಚೆ ತಿಳಿಸಿದ್ದರೆ ಅದರ ಮೇಲೆ ಪರಿಹಾರ ಧನ ಇಲ್ಲ. ಎರಡು ವಾರದೊಳಗೆ, ಆದರೆ 24 ಗಂಟೆಗೆ ಮುಂಚೆ ತಿಳಿಸಿದರೆ, ಮೊದಲಿನ ಹೊತ್ತಿಗೆ ಎರಡು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು. ನಿಮ್ಮದು ರದ್ದು ಅಲ್ಲ, ಟೈಮ್ ಬದಲಾವಣೆ ಅಂತ ಅವರು ಹೇಳಬಹುದು. ಅದಕ್ಕೆ ಪ್ರತಿ ಕಂಪನಿಯೂ ತನ್ನದೇ ನಿಯಮ ಇಟ್ಟುಕೊಂಡಿರುತ್ತದೆ. ಅವರ ವೆಬ್‌ಸೈಟಿನಲ್ಲಿ ಅದನ್ನು ಓದಿಕೊಂಡು ಫೋನ್ ಮಾಡಿ. ಇಂಡಿಗೋದಲ್ಲಿ ಪ್ಲ್ಯಾನ್ ಬಿ ಅಂತ ಒಂದು ಪುಟವೇ ಇದೆ. ಪಿಎನ್ಆರ್ ಹಾಕಿದರೆ ಬೇರೆ ವಿಮಾನ ಆರಿಸಬಹುದು ಅಥವಾ ಹಣ ವಾಪಸ್ ಕೇಳಬಹುದು. ಐದು ಗಂಟೆಗೂ ಜಾಸ್ತಿ ಮುಂಚೆ ಹೊರಡುವುದು ಸಣ್ಣ ಬದಲಾವಣೆ ಅಲ್ಲವೇ ಅಲ್ಲ. ಧೈರ್ಯವಾಗಿ ಕೇಳಿ.

ಕೇಳುವಾಗ 'ಏನಾದರೂ ಮಾಡಿ ಕೊಡಿ' ಅನ್ನಬೇಡಿ. ಅವರ ವೆಬ್‌ಸೈಟಿನಲ್ಲೇ ಅದೇ ದಿನದ ವಿಮಾನಗಳನ್ನು ನೋಡಿ, ನಂಬರ್ ಬರೆದಿಟ್ಟುಕೊಳ್ಳಿ. 'ಈ ವಿಮಾನದಲ್ಲಿ ಸೀಟ್ ತೋರಿಸುತ್ತಿದೆ, ನಾಲ್ಕು ಸೀಟ್ ಮತ್ತು ಒಂದು ಶಿಶು, ಇದಕ್ಕೆ ಹಾಕಿಕೊಡಿ' ಅನ್ನಿ. ಎರಡನೇ ಆಯ್ಕೆಯೂ ಕೈಯಲ್ಲಿರಲಿ. ಟಿಕೆಟ್ ಏಜೆಂಟ್ ಅಥವಾ ಟ್ರಾವೆಲ್ ಆ್ಯಪ್ ಮೂಲಕ ತೆಗೆದಿದ್ದರೆ ಮೊದಲು ಅವರನ್ನೇ ಕೇಳಬೇಕಾಗಬಹುದು. ಆಗಲೂ ಟಿಕೆಟ್‌ನಲ್ಲಿರುವ ಮೊಬೈಲ್ ನಂಬರ್ ನಿಮ್ಮದೇ ಅಂತ ಖಚಿತ ಮಾಡಿಕೊಳ್ಳಿ. ಏಜೆಂಟ್ ತನ್ನ ನಂಬರ್ ಹಾಕಿದ್ದರೆ ಮೆಸೇಜ್ ಅವನಿಗೆ ಹೋಗುತ್ತದೆ. ಸರಿಯಾದ ಫೋನ್ ವಿವರ ಕೊಡದವರಿಗೆ ಪರಿಹಾರ ಕೊಡಬೇಕಿಲ್ಲ ಅಂತಲೂ ನಿಯಮದಲ್ಲಿದೆ. ಕಂಪನಿ ಏನೂ ಮಾಡದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ವೆಬ್‌ಸೈಟಿನಲ್ಲಿ ದೂರು ಹಾಕಬಹುದು. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡಿರಿ.

ಅತ್ತೆಯವರ ಟಿಕೆಟ್ ನಿಮ್ಮ ಪಿಎನ್ಆರ್‌ನಲ್ಲೇ ಇದೆಯಾ? ಇದನ್ನು ಕೇಳಲು ಕಾರಣವಿದೆ. ಒಂದು ಸಲ ನಾವು ಮಂಗಳೂರಿನಿಂದ ಮುಂಬೈ ಮೇಲೆ ಅಹಮದಾಬಾದಿಗೆ ಹೊರಟಿದ್ದೆವು. ಮಗನಿಗೆ ಆಗ ಮೂರು ವರ್ಷ, ಮಗಳಿಗೆ ಎಂಟು ತಿಂಗಳು. ಅಮ್ಮ ಬರುತ್ತೇನೆ ಅಂದದ್ದು ತಡವಾಗಿ, ಅವರ ಟಿಕೆಟ್ ಬೇರೆಯಾಗಿ ತೆಗೆದಿದ್ದೆವು. ಟೈಮ್ ಬದಲಾದಾಗ ಕಂಪನಿಯ ಕಂಪ್ಯೂಟರ್ ನಮ್ಮ ನಾಲ್ವರನ್ನು ಸಂಜೆಯ ವಿಮಾನಕ್ಕೆ ಹಾಕಿತು. ಅಮ್ಮನನ್ನು ಬೆಳಗಿನದರಲ್ಲೇ ಬಿಟ್ಟಿತು. ನಾವೆಲ್ಲ ಒಂದೇ ಮನೆಯವರು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅಮ್ಮ ಒಬ್ಬರೇ ವಿಮಾನ ಹತ್ತಿದವರೇ ಅಲ್ಲ. ಮೂರು ಸಲ ಫೋನ್ ಮಾಡಿದ ಮೇಲೆ ಅವರನ್ನೂ ನಮ್ಮ ಜೊತೆ ಹಾಕಿದರು. ಅಲ್ಲಿಯವರೆಗೆ ಎರಡು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ನಾನು ಬರುವುದೇ ಬೇಡ ಬಿಡಿ ಅನ್ನುತ್ತಿದ್ದರು. ಅವರು ಹಾಗೆ ಅಂದದ್ದು ನನಗೆ ಈಗಲೂ ಬೇಜಾರು. ಟಿಕೆಟ್ ಬೇರೆ ಬೇರೆ ಇದ್ದರೆ ಎರಡೂ ಪಿಎನ್ಆರ್ ನಂಬರ್ ಕೊಟ್ಟು, ಒಂದನ್ನು ಇನ್ನೊಂದಕ್ಕೆ ಜೋಡಿಸಿ ಟಿಪ್ಪಣಿ ಹಾಕಲು ನಾಳೆಯ ಫೋನಿನಲ್ಲೇ ಹೇಳಿ.

ಹೊಸ ವಿಮಾನ ಸಿಕ್ಕಿದ ಮೇಲೆ ಟಿಕೆಟನ್ನು ಮತ್ತೆ ಪೂರ್ತಿ ಓದಿ. ಹಳೆ ವಿಮಾನಕ್ಕೆ ಮಾಡಿಕೊಂಡ ಏರ್ಪಾಡು ತಾನಾಗಿ ಹೊಸದಕ್ಕೆ ಬರುತ್ತದೆ ಅಂತ ನಂಬಬೇಡಿ. ಮುಖ್ಯವಾಗಿ ಚಿಕ್ಕವನ ಹೆಸರು. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರುವುದರಿಂದ ಅವನಿಗೆ ಸೀಟ್ ನಂಬರ್ ಇರುವುದಿಲ್ಲ, ಹೆಸರು ತಾಯಿಯದೋ ತಂದೆಯದೋ ಟಿಕೆಟ್‌ಗೆ ಅಂಟಿಕೊಂಡಿರುತ್ತದೆ. ಹೊಸ ಟಿಕೆಟ್‌ನಲ್ಲಿ ಆ ಹೆಸರು ಕಾಣಬೇಕು. ಸೀಟ್‌ಗಳೂ ಚದುರಿರಬಹುದು. 12 ವರ್ಷದೊಳಗಿನ ಮಕ್ಕಳಿಗೆ ಅದೇ ಪಿಎನ್ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕ ಸೀಟ್ ಕೊಡಬೇಕು ಅಂತ 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಕಂಪನಿಗಳಿಗೆ ಹೇಳಿದೆ. ಮಗಳನ್ನು ಬೇರೆ ಸಾಲಿಗೆ ಹಾಕಿದ್ದರೆ ಇದನ್ನು ನೆನಪಿಸಿ. ಟರ್ಮಿನಲ್ ಕೂಡ ನೋಡಿ. ಬೆಂಗಳೂರಿನಲ್ಲಿ ದೇಶದೊಳಗಿನ ವಿಮಾನಗಳು ಎರಡೂ ಟರ್ಮಿನಲ್‌ನಿಂದ ಹೊರಡುತ್ತವೆ.

ವಾಪಸ್ ಬರುವ ದಿನ ಏನಾದರೂ ಮುಂದೆ ಹೋದರೆ ಇನ್ನೊಂದು ಲೆಕ್ಕ ಇದೆ. ನಿಮಗೆ ಇದು ಬಾಧಿಸುವುದಿಲ್ಲ, ಆದರೆ ಎರಡು ತುಂಬಲು ಬಂದ ಮಗು ಇರುವವರಿಗೆ ಮುಖ್ಯ. ಪ್ರಯಾಣದ ದಿನ ಎಷ್ಟು ವಯಸ್ಸು ಅನ್ನುವುದೇ ಲೆಕ್ಕಕ್ಕೆ ಬರುವುದು. ಹುಟ್ಟುಹಬ್ಬ ದಾಟಿದರೆ ಆ ವಿಮಾನಕ್ಕೆ ಮಗುವಿಗೆ ಸೀಟ್ ತೆಗೆಯಬೇಕು.

ವಿದೇಶದಿಂದ ಚಿಕ್ಕ ಮಕ್ಕಳ ಜೊತೆ ಊರಿಗೆ ಬರುವ ನಮ್ಮವರಿಗೂ ನಾಲ್ಕು ಮಾತು. ಅಮೆರಿಕದಿಂದ ಹೊರಡುವ ಅಥವಾ ಅಲ್ಲಿಗೆ ಹೋಗುವ ವಿಮಾನದ ಟೈಮ್ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಬದಲಾಗಿ, ನೀವು ಒಪ್ಪದಿದ್ದರೆ, 2024ರಿಂದ ಅಲ್ಲಿ ಜಾರಿಯಾದ ನಿಯಮದ ಪ್ರಕಾರ ಪೂರ್ತಿ ಹಣ ವಾಪಸ್ ಸಿಗಬೇಕು. ಯುರೋಪಿನಲ್ಲಿ ವಿಮಾನವನ್ನು ಒಂದು ಗಂಟೆಗಿಂತ ಜಾಸ್ತಿ ಮುಂಚೆ ಹೊರಡಿಸಿದರೆ ಅದು ರದ್ದಾದ ಹಾಗೇ ಅಂತ 2021ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿದೆ. ಬ್ಯಾಸಿನೆಟ್ (ವಿಮಾನದಲ್ಲಿ ಮಗುವನ್ನು ಮಲಗಿಸುವ ಪುಟ್ಟ ತೊಟ್ಟಿಲು) ಕೇಳಿದ್ದರೆ ಮತ್ತೆ ಫೋನ್ ಮಾಡಿ ಕೇಳಲೇಬೇಕು. ವಿಮಾನದ ಮಾದರಿ ಬದಲಾದರೆ ಅದನ್ನು ತೂಗುಹಾಕುವ ಮುಂದಿನ ಸಾಲಿನ ಸೀಟೂ ಬದಲಾಗುತ್ತದೆ. ದಾರಿಯೇ ಬದಲಾಗಿ ಬೇರೆ ದೇಶದಲ್ಲಿ ವಿಮಾನ ಬದಲಿಸಬೇಕಾದರೆ ಅಲ್ಲಿನ ಟ್ರಾನ್ಸಿಟ್ ವೀಸಾ ನೋಡಿಕೊಳ್ಳಿ. ಮಗುವಿನದು ಅಮೆರಿಕದ ಪಾಸ್‌ಪೋರ್ಟ್, ಅಪ್ಪ ಅಮ್ಮನದು ಭಾರತದ್ದು ಆಗಿದ್ದರೆ ಮಗುವಿಗೆ ಬೇಡದ ವೀಸಾ ನಿಮಗೆ ಬೇಕಾಗಬಹುದು.

ಇಷ್ಟೆಲ್ಲ ಮಾಡಿ ನಿಲ್ದಾಣಕ್ಕೆ ಹೋದ ಮೇಲೂ ವಿಮಾನ ತಡವಾಗಬಹುದು. ಬೆಂಗಳೂರು–ದೆಹಲಿಯಷ್ಟು ದೂರಕ್ಕೆ ಮೂರು ಗಂಟೆ ತಡವಾದರೆ ತಿಂಡಿ, ಪಾನೀಯ ಕೊಡಬೇಕು ಅಂತ ನಿಯಮ ಇದೆ. ಮುಂಬೈಯಷ್ಟು ದೂರಕ್ಕೆ ಎರಡು ಗಂಟೆ. ಕೇಳಿ ತೆಗೆದುಕೊಳ್ಳಿ. ಆದರೆ ಅವರು ಕೊಡುವ ಸ್ಯಾಂಡ್‌ವಿಚ್ ನಿಮ್ಮ ಮಕ್ಕಳು ತಿನ್ನುತ್ತಾರೆ ಅಂತ ನಂಬಿ ಹೋಗಬೇಡಿ. ಚಿಕ್ಕವನಿಗೆ ಎರಡು ಹೊತ್ತಿಗಾಗುವಷ್ಟು ರಾಗಿ ಸರಿ ಪುಡಿ ಜಾಸ್ತಿ ಇಟ್ಟುಕೊಳ್ಳಿ. ಬಿಸಿನೀರನ್ನು ಕಾಫಿ ಅಂಗಡಿಯವರು ಕೊಡುತ್ತಾರೆ. ಮಗುವಿನ ಹಾಲು, ಆಹಾರಕ್ಕೆ ಸೆಕ್ಯೂರಿಟಿಯಲ್ಲಿ ಅಡ್ಡಿ ಇಲ್ಲ, ಕೇಳಿದರೆ ತೆಗೆದು ತೋರಿಸಿ. ಮಗಳಿಗೆ ಒಗ್ಗರಣೆ ಅವಲಕ್ಕಿ, ಚಕ್ಕುಲಿ. ಡೈಪರ್, ಒಂದು ಜೊತೆ ಬಟ್ಟೆ, ಜ್ವರದ ಔಷಧಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ.

ಮಗಳಿಗೆ 'ಇನ್ನೆರಡು ಗಂಟೆ' ಅಂದರೆ ಅರ್ಥ ಆಗುವುದಿಲ್ಲ. 'ಒಂದು ಕತೆ, ಆಮೇಲೆ ಚಕ್ಕುಲಿ, ಆಮೇಲೆ ಗಾಜಿನ ಹತ್ತಿರ ಹೋಗಿ ಐದು ವಿಮಾನ ಎಣಿಸೋಣ' ಅಂದರೆ ಅರ್ಥ ಆಗುತ್ತದೆ. ಹೊರಡುವ ದಿನವನ್ನಷ್ಟೇ ಅವಳಿಗೆ ಮುಂಚೆ ಹೇಳಿ, ಟೈಮ್ ಹೇಳಬೇಡಿ. ಅದು ಮತ್ತೆ ಬದಲಾಗಬಹುದು. ನೀವು ಮಾತು ತಪ್ಪಿದಿರಿ ಅಂತ ಅವಳಿಗೆ ಅನ್ನಿಸುತ್ತದೆ. ಅತ್ತೆಯವರ ಹತ್ತಿರ ಕತೆ ಇರುತ್ತವಲ್ಲ. ಮಗಳನ್ನು ಅವರ ಪಕ್ಕ ಕೂರಿಸಿ, ನಿಮ್ಮಿಬ್ಬರಲ್ಲಿ ಒಬ್ಬರು ಚಿಕ್ಕವನ ಜೊತೆ ಓಡಾಡಿ, ಇನ್ನೊಬ್ಬರು ಕೌಂಟರ್ ಹತ್ತಿರ ನಿಲ್ಲಿ. ಮಧ್ಯಾಹ್ನದ ವಿಮಾನದಲ್ಲಿ ಸೀಟ್ ಇಲ್ಲವೇ ಇಲ್ಲ, 5:25ರದೇ ಗತಿ ಅಂತಾದರೆ, ಹಿಂದಿನ ದಿನ ಮಧ್ಯಾಹ್ನವೇ ಮೈಸೂರು ಬಿಟ್ಟು ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲೋ ದೇವನಹಳ್ಳಿ ಕಡೆ ರೂಮಿನಲ್ಲೋ ಉಳಿಯಿರಿ. ಮಕ್ಕಳನ್ನು ಪ್ರಯಾಣದ ಬಟ್ಟೆಯಲ್ಲೇ ಏಳೂವರೆಗೆ ಮಲಗಿಸಿ. ದೆಹಲಿಯ ಹೋಟೆಲಿಗೆ ಕೂಡಲೇ ಫೋನ್ ಮಾಡಿ, ಬೆಳಗ್ಗೆ ಒಂಬತ್ತಕ್ಕೆ ರೂಮ್ ಕೊಡುತ್ತಾರಾ ಕೇಳಿ.