ನ್ಯೂರ್ಬುರ್ಗ್‌ರಿಂಗ್ ಯಾರದು? ಟಿಕೆಟ್ ಕೊಂಡು ಓಡಿಸುವ ಒಂದು ರಸ್ತೆಯ ಕಥೆ

ಕಾರು ಓಡಿಸುವುದನ್ನೇ ಗೀಳಾಗಿಸಿಕೊಂಡವರನ್ನು, ಜೀವಮಾನದಲ್ಲಿ ಒಮ್ಮೆಯಾದರೂ ಯಾವ ಟ್ರ್ಯಾಕ್‌ನಲ್ಲಿ ಓಡಿಸಬೇಕೆಂಬ ಆಸೆಯಿದೆ ಎಂದು ಕೇಳಿ ನೋಡಿದರೆ ಬೆಲ್ಜಿಯಂನ ಸ್ಪಾ, ಜಪಾನಿನ ಸುಜುಕಾ, ಇಟಲಿಯ ಮೊಂಜಾ, ಅಮೆರಿಕದ ಲಗೂನಾ ಸೆಕಾ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಆದರೆ ಜರ್ಮನಿಯ ಐಫೆಲ್ ಬೆಟ್ಟಸಾಲಿನಲ್ಲಿರುವ ನ್ಯೂರ್ಬುರ್ಗ್‌ರಿಂಗ್‌ನ ಉತ್ತರ ಸುತ್ತು, ಅಂದರೆ ನೋರ್ಡ್‌ಶ್ಲೈಫೆ, ಬಿಟ್ಟುಹೋಗುವ ಪಟ್ಟಿ ಅಪರೂಪ. 20.832 ಕಿಲೋಮೀಟರ್ ಉದ್ದ, ಎಪ್ಪತ್ತಕ್ಕೂ ಹೆಚ್ಚು ತಿರುವು, ಸುಮಾರು 300 ಮೀಟರಿನ ಏರಿಳಿತ ಎಂಬ ಅಂಕಿಗಳು ಈ ಆಕರ್ಷಣೆಗೆ ಅರ್ಧ ಕಾರಣವನ್ನಷ್ಟೇ ಹೇಳುತ್ತವೆ. ಉಳಿದರ್ಧ ಕಾರಣವಿರುವುದು ಅದರ ಗೇಟಿನಲ್ಲಿ. ಮನೆಯಿಂದ ಓಡಿಸಿಕೊಂಡು ಬಂದ ಕಾರಿನಲ್ಲಿಯೇ, ಸುಮಾರು 30 ಯೂರೋ ಕೊಟ್ಟು, ಯಾವ ಕ್ಲಬ್ಬಿನ ಸದಸ್ಯತ್ವವೂ ರೇಸಿಂಗ್ ಲೈಸೆನ್ಸೂ ಇಲ್ಲದೆ ಯಾರು ಬೇಕಾದರೂ ಒಳಗೆ ಹೋಗಬಹುದು.

ಇಷ್ಟು ಸರಳವಾದ ಸಂಗತಿಯ ಸುತ್ತ ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಬಂದ ಸುದ್ದಿಗಳು ಮಾತ್ರ ಸರಳವಾಗಿರಲಿಲ್ಲ. ಟ್ರ್ಯಾಕ್ ದಿವಾಳಿಯಾಯಿತು ಎಂದರು, ಮಾರಾಟವಾಯಿತು ಎಂದರು, ಕೊಂಡವರು ಕಂತು ಕಟ್ಟಲಿಲ್ಲ ಎಂದರು. ಬಳಿಕ ರಷ್ಯಾದ ಹಣ ಬಂತು, ವಿವಾದ ಯುರೋಪಿಯನ್ ನ್ಯಾಯಾಲಯದವರೆಗೂ ಹೋಯಿತು. ಈ ಗೋಜಲು ಬಿಡಿಸಬೇಕಾದರೆ ಈ ರಸ್ತೆಯನ್ನು ಕಟ್ಟಿದ್ದು ಏಕೆ ಎಂಬಲ್ಲಿಂದಲೇ ಹೊರಡಬೇಕು.

ಮೊದಲ ಮಹಾಯುದ್ಧದ ನಂತರ ಐಫೆಲ್ ಜರ್ಮನಿಯ ಬಡ ಪ್ರದೇಶಗಳಲ್ಲಿ ಒಂದಾಗಿತ್ತು. ಬೆಟ್ಟದ ಹಳ್ಳಿಗಳಲ್ಲಿ ಕೆಲಸವಿರಲಿಲ್ಲ, ಆದರೆ ಸಾರ್ವಜನಿಕ ರಸ್ತೆಗಳಲ್ಲಿ ಕಾರು ರೇಸುಗಳು ನಡೆಯುತ್ತಿದ್ದವು. ಅಡೆನೌ ಜಿಲ್ಲೆಯ ಆಡಳಿತಾಧಿಕಾರಿ ಒಟ್ಟೊ ಕ್ರೊಯಿಟ್ಸ್ ಈ ಎರಡನ್ನೂ ಒಟ್ಟಿಗೆ ಸೇರಿಸಿದರು. ರೇಸಿಗೂ ಕಾರು ತಯಾರಕರ ಪರೀಕ್ಷೆಗೂ ಒದಗುವ ಒಂದು ಖಾಯಂ ಟ್ರ್ಯಾಕ್ ಕಟ್ಟಿದರೆ ಕಟ್ಟುವಾಗ ಕೂಲಿ, ಕಟ್ಟಿದ ಮೇಲೆ ಪ್ರವಾಸಿಗರು ಎಂಬುದು ಅವರ ಲೆಕ್ಕಾಚಾರ. ಆಗ ಕಲೋನ್ ನಗರದ ಮೇಯರ್ ಆಗಿದ್ದ, ಮುಂದೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆದ ಕೊನ್ರಾಡ್ ಅಡೆನೌವರ್ ಬೆಂಬಲ ಕೊಟ್ಟರು. 1925ರ ಸೆಪ್ಟೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಸಾವಿರಾರು ನಿರುದ್ಯೋಗಿಗಳು ಗುದ್ದಲಿ ಹಿಡಿದರು. ನ್ಯೂರ್ಬುರ್ಗ್ ಎಂಬ ಪುಟ್ಟ ಊರನ್ನೂ ಅದರ ನೆತ್ತಿಯ ಮೇಲಿನ ಹಳೆಯ ಕೋಟೆಯನ್ನೂ ಬಳಸಿಕೊಂಡು ಸಾಗುವ, ಒಟ್ಟು 28 ಕಿಲೋಮೀಟರಿಗೂ ಉದ್ದವಾದ ರಸ್ತೆ 1927ರ ಜೂನ್ ಹೊತ್ತಿಗೆ ಸಿದ್ಧವಾಯಿತು. ಉತ್ತರದ ದೊಡ್ಡ ಸುತ್ತು ಮತ್ತು ದಕ್ಷಿಣದ ಚಿಕ್ಕ ಸುತ್ತು ಎಂಬ ಎರಡು ಭಾಗಗಳು ಅದಕ್ಕಿದ್ದವು. ರೇಸು ಇಲ್ಲದ ದಿನ ಸುಂಕ ಕಟ್ಟಿದವರಿಗೆಲ್ಲ ಅದು ತೆರೆದಿರುತ್ತಿತ್ತು. ಈ ಏರ್ಪಾಟನ್ನು ಯಾರೋ ನಂತರ ಸೇರಿಸಿದ ಸೌಲಭ್ಯವೆಂದು ಭಾವಿಸುವುದು ತಪ್ಪು. ಟ್ರ್ಯಾಕಿನ ಹುಟ್ಟಿನ ಜೊತೆಗೇ ಬಂದದ್ದು ಅದು.

ಮುಂದಿನ ಐದು ದಶಕಗಳನ್ನು ರೇಸಿಂಗ್ ಇತಿಹಾಸ ಬಲ್ಲವರು ಬಾಯಿಪಾಠ ಹೇಳುತ್ತಾರೆ: 1935ರಲ್ಲಿ ಹಳತಾದ ಆಲ್ಫಾ ರೊಮಿಯೊದಲ್ಲಿ ತಾಜಿಯೊ ನುವೊಲಾರಿ ಬಲಾಢ್ಯ ಜರ್ಮನ್ ಕಾರುಗಳನ್ನು ಅವರ ನೆಲದಲ್ಲೇ ಸೋಲಿಸಿದ್ದು, 1957ರಲ್ಲಿ ಟಯರು, ಇಂಧನಕ್ಕೆಂದು ಪಿಟ್‌ನಲ್ಲಿ ನಿಂತು ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದ ಹುವಾನ್ ಮಾನ್ಯುಯೆಲ್ ಫಾಂಜಿಯೊ ಸುತ್ತಿನಿಂದ ಸುತ್ತಿಗೆ ದಾಖಲೆ ಮುರಿಯುತ್ತ ಬಂದು ಗೆದ್ದದ್ದು, 1968ರಲ್ಲಿ ಮಂಜು ಮತ್ತು ಮಳೆಯ ನಡುವೆ ಜಾಕಿ ಸ್ಟೀವರ್ಟ್ ನಾಲ್ಕು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಜಯಿಸಿದ್ದು. 'ಹಸಿರು ನರಕ' ಎಂಬ ಹೆಸರು ಅದಕ್ಕೆ ಅಂಟಿದ್ದು ಸ್ಟೀವರ್ಟ್ ಅವರ ಬಾಯಿಂದಲೇ.

1976ರ ಆಗಸ್ಟ್ 1ರ ಬಗ್ಗೆ ಮಾತ್ರ ಒಂದು ತಪ್ಪು ತಿಳಿವಳಿಕೆಯಿದೆ. ಅಂದು ಬೆರ್ಗ್‌ವೆರ್ಕ್ ತಿರುವಿಗೆ ಮುಂಚೆ ನಿಕಿ ಲೌಡಾ ಅವರ ಫೆರಾರಿ ಹೊತ್ತಿ ಉರಿಯಿತು. ಅವರನ್ನು ಬೆಂಕಿಯಿಂದ ಹೊರಗೆಳೆದವರು ಹಿಂದೆ ಬರುತ್ತಿದ್ದ ಇತರ ಚಾಲಕರೇ. ಆ ಅಪಘಾತದ ಕಾರಣಕ್ಕೇ ಫಾರ್ಮುಲಾ ಒನ್ ಇಲ್ಲಿಂದ ಹೊರಟುಹೋಯಿತು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ನಿಜವಾಗಿ, ಹಳೆಯ ಸುತ್ತಿನಲ್ಲಿ ಅದೇ ಕೊನೆಯ ಓಟವೆಂಬುದು ಓಟಕ್ಕೆ ಮುಂಚೆಯೇ ಹೆಚ್ಚುಕಡಿಮೆ ಖಚಿತವಾಗಿತ್ತು. 1970ರಲ್ಲೇ ಚಾಲಕರ ಒತ್ತಾಯಕ್ಕೆ ಮಣಿದು ಜರ್ಮನ್ ಗ್ರ್ಯಾಂಡ್ ಪ್ರೀಯನ್ನು ಹಾಕೆನ್‌ಹೈಮ್ ಎಂಬ ಬೇರೆ ಟ್ರ್ಯಾಕಿಗೆ ಒಯ್ಯಲಾಗಿತ್ತು. ತಡೆಬೇಲಿ ಹಾಕಿ, ಉಬ್ಬುಗಳನ್ನು ತಗ್ಗಿಸಿದ ಮೇಲೆ ಮರುವರ್ಷ ಮರಳಿತು. ಆದರೆ ಕಾಡಿನೊಳಗೆ ಹರಡಿಕೊಂಡ, ಆಗ 22 ಕಿಲೋಮೀಟರಿಗೂ ಉದ್ದವಿದ್ದ ಸುತ್ತಿನ ಪ್ರತಿ ತಿರುವಿಗೂ ಅಗ್ನಿಶಾಮಕ, ವೈದ್ಯರು, ಮಾರ್ಷಲ್‌ಗಳು, ಟೆಲಿವಿಷನ್ ಕ್ಯಾಮೆರಾ ಒದಗಿಸುವುದು ಯಾವ ಸಂಘಟಕರ ಕೈಗೂ ನಿಲುಕುವಂತಿರಲಿಲ್ಲ. ಲೌಡಾ ಅವರೇ ಓಟಕ್ಕೆ ಮುನ್ನ ಇಲ್ಲಿ ಓಡುವುದು ಬೇಡವೆಂದು ವಾದಿಸಿದ್ದರು. ಸಹಚಾಲಕರ ಬಹುಮತ ಅವರಿಗೆ ಸಿಗಲಿಲ್ಲ.

1984ರಲ್ಲಿ ಪಕ್ಕದಲ್ಲೇ ನಾಲ್ಕೂವರೆ ಕಿಲೋಮೀಟರಿನ ಹೊಸ ಗ್ರ್ಯಾಂಡ್ ಪ್ರೀ ಟ್ರ್ಯಾಕ್ ತೆರೆಯಿತು. ಅದಕ್ಕೆ ಒಂದು ವರ್ಷ ಮುಂಚೆ ಹಳೆಯ ಸುತ್ತಿನ ಕೊನೆಯ ದೊಡ್ಡ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಸ್ಟೆಫಾನ್ ಬೆಲೊಫ್ ಪೋರ್ಶೆ 956ರಲ್ಲಿ ದಾಖಲಿಸಿದ 6 ನಿಮಿಷ 11.13 ಸೆಕೆಂಡಿನ ಸಮಯವನ್ನು ಮೀರಲು 2018ರವರೆಗೆ ಕಾಯಬೇಕಾಯಿತು. ಹೊಸ ಟ್ರ್ಯಾಕ್ ಸುರಕ್ಷಿತವಾಗಿತ್ತು, ಅಚ್ಚುಕಟ್ಟಾಗಿತ್ತು, ಮತ್ತು, ಹೇಳದೆ ವಿಧಿಯಿಲ್ಲ, ಸಪ್ಪೆಯಾಗಿತ್ತು. ಫಾರ್ಮುಲಾ ಒನ್ ಅಲ್ಲಿಗೆ ಹೋಯಿತು. ಹಳೆಯ ಸುತ್ತಿಗೆ ಉಳಿದದ್ದು ಮೂರು ಬಗೆಯ ಗಿರಾಕಿಗಳು: ಇಪ್ಪತ್ತನಾಲ್ಕು ಗಂಟೆಯ ಓಟದಂಥ ಸಹನಾ ಸ್ಪರ್ಧೆಗಳು, ಕಾರು ಕಂಪನಿಗಳು ಮತ್ತು ಟಿಕೆಟ್ ಕೊಳ್ಳುವ ಸಾರ್ವಜನಿಕರು. ಇವರಲ್ಲಿ ಕಂಪನಿಗಳಿಗೆ ಇದರ ಮೇಲಿರುವ ಪ್ರೀತಿಗೆ ಕಾರಣ ಸ್ಪಷ್ಟ. ಫುಕ್ಸ್‌ರೋರೆ ಇಳಿಜಾರಿನ ತಳದಲ್ಲಿ ಸಸ್ಪೆನ್ಷನ್ ಪೂರ್ತಿ ಅದುಮಿಕೊಳ್ಳುತ್ತದೆ, ಪ್ಲಾಂಟ್ಸ್‌ಗಾರ್ಟನ್‌ನಲ್ಲಿ ಕಾರು ನೆಲ ಬಿಡುತ್ತದೆ, ವೇರ್‌ಸೈಫೆನ್ ಇಳಿಯುವಾಗ ಬ್ರೇಕ್ ಕಾಯುತ್ತದೆ, ಕೆಸೆಲ್‌ಕೆನ್ ಏರುವಾಗ ಎಂಜಿನ್‌ಗೆ ಉಸಿರಾಡಲು ಬಿಡುವಿರುವುದಿಲ್ಲ, ಕರುಸೆಲ್‌ನ ಓರೆ ಕಾಂಕ್ರೀಟ್ ಚಕ್ರಗಳನ್ನು ಗಡಗಡ ನಡುಗಿಸುತ್ತದೆ. ಒಂದೇ ಸುತ್ತಿನಲ್ಲಿ ಇಷ್ಟನ್ನೂ ಕೇಳುವ ರಸ್ತೆ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ವರ್ಷದ ಹಲವು ವಾರ ಕಂಪನಿಗಳು ಒಟ್ಟಾಗಿ ಟ್ರ್ಯಾಕನ್ನು ಕಾದಿರಿಸುತ್ತವೆ, ಸಂಜೆಯ ಹೊತ್ತಿಗೆ ಸಾರ್ವಜನಿಕರ ಸರದಿ.

ಈ ಏರ್ಪಾಟಿನಲ್ಲಿ ದೊಡ್ಡ ಲಾಭವಿರಲಿಲ್ಲ, ಆದರೆ ಅದು ನಡೆದುಕೊಂಡು ಹೋಗುತ್ತಿತ್ತು. ಟ್ರ್ಯಾಕ್ ನಡೆಸುತ್ತಿದ್ದ ಕಂಪನಿಯ ಶೇ. 90ರಷ್ಟು ಪಾಲು ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದ್ದು, ಉಳಿದ ಶೇ. 10 ಆರ್‌ವೈಲರ್ ಜಿಲ್ಲೆಯದು. ನಷ್ಟ ತರುತ್ತಿದ್ದುದು ಮುಖ್ಯವಾಗಿ ಫಾರ್ಮುಲಾ ಒನ್ ಓಟ. ಆ ಓಟದ ಹಕ್ಕಿಗೆ ಕೊಡಬೇಕಾದ ಶುಲ್ಕ ಟಿಕೆಟ್ ಮಾರಾಟದಿಂದ ಹುಟ್ಟುತ್ತಿರಲಿಲ್ಲ. ಈ ನಷ್ಟಕ್ಕೆ ಔಷಧಿಯಾಗಿ ಎರಡು ಸಾವಿರದ ದಶಕದಲ್ಲಿ ರೂಪುಗೊಂಡದ್ದೇ 'ನ್ಯೂರ್ಬುರ್ಗ್‌ರಿಂಗ್ 2009' ಎಂಬ ಯೋಜನೆ. ರೇಸಿಲ್ಲದ ದಿನಗಳಲ್ಲೂ, ಮಳೆ ಹಿಮದ ತಿಂಗಳುಗಳಲ್ಲೂ ಕುಟುಂಬ ಸಮೇತ ಜನ ಬರಬೇಕು. ಅದಕ್ಕೆ ಸೂರಿನಡಿಯ ಅಂಗಡಿ ಬೀದಿ, ಹೋಟೆಲುಗಳು, ಪಬ್ಬುಗಳಿಂದ ಕೂಡಿದ ಒಂದು ಕೃತಕ ಹಳ್ಳಿ, ಸಭಾಂಗಣ, ಜೊತೆಗೆ ಗ್ರ್ಯಾಂಡ್ ಪ್ರೀ ಟ್ರ್ಯಾಕಿನ ಮಗ್ಗುಲಲ್ಲೇ ಗಂಟೆಗೆ 217 ಕಿಲೋಮೀಟರ್ ವೇಗ ಮುಟ್ಟುವ ರೋಲರ್ ಕೋಸ್ಟರ್ ಎಂದು ಯೋಜನೆ ಬೆಳೆಯುತ್ತ ಹೋಯಿತು. ವೆಚ್ಚವೂ ಬೆಳೆಯಿತು, ಕೊನೆಗೆ ಸುಮಾರು 33 ಕೋಟಿ ಯೂರೋ ತಲುಪಿತು. ಹತ್ತಿರದಲ್ಲಿ ದೊಡ್ಡ ನಗರವಿಲ್ಲದ, ಬೇಸಿಗೆಯಲ್ಲೂ ಮಂಜು ಕವಿಯುವ ಒಂದು ಬೆಟ್ಟದ ಮೇಲೆ ಅಷ್ಟು ಜನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಊರವರಿಗೆ ಮೊದಲೇ ಹೊಳೆದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಕಡತಗಳಿಗೆ ಅನ್ವಯಿಸುವುದಿಲ್ಲವೇನೋ.

ಹಣ ಎಲ್ಲಿಂದ ಬರಬೇಕು ಎಂಬುದಕ್ಕೂ ಆರಂಭದಲ್ಲಿ ಹಿತವಾದ ಉತ್ತರವಿತ್ತು: ದೊಡ್ಡ ಪಾಲು ಖಾಸಗಿ ಹೂಡಿಕೆದಾರರಿಂದ. ಆ ಹೂಡಿಕೆದಾರರಿಗಾಗಿ ಹುಡುಕಾಟ ನಡೆಯಿತು, ಮಧ್ಯವರ್ತಿಗಳು ಬಂದರು, ಭರವಸೆಗಳು ಬಂದವು, ಚೆಕ್‌ಗಳೂ ಬಂದವು. ಚೆಕ್‌ಗಳ ಹಿಂದೆ ಹಣವಿರಲಿಲ್ಲ. 2009ರ ಜುಲೈನಲ್ಲಿ ಹೊಸ ಸಂಕೀರ್ಣದ ಉದ್ಘಾಟನೆಗೆ ಎರಡು ದಿನ ಬಾಕಿಯಿರುವಾಗ ರಾಜ್ಯದ ಹಣಕಾಸು ಸಚಿವರು ರಾಜೀನಾಮೆ ಕೊಟ್ಟರು. ಅದೇ ವಾರಾಂತ್ಯದ ಗ್ರ್ಯಾಂಡ್ ಪ್ರೀಯಲ್ಲಿ ಮಾರ್ಕ್ ವೆಬ್ಬರ್ ತಮ್ಮ ಮೊದಲ ಫಾರ್ಮುಲಾ ಒನ್ ಜಯ ಪಡೆದರು, ಪತ್ರಿಕೆಗಳ ಗಮನ ಮಾತ್ರ ಲೆಕ್ಕಪತ್ರದ ಮೇಲಿತ್ತು. ಕೊನೆಗೆ ಪೂರ್ತಿ ಹೊರೆ ರಾಜ್ಯದ ಬೊಕ್ಕಸದ ಮೇಲೆಯೇ ಬಿತ್ತು. ಮುಂದೆ ಶಾಸನಸಭೆಯ ತನಿಖಾ ಸಮಿತಿ, ಕೋರ್ಟು, ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು.

ರೋಲರ್ ಕೋಸ್ಟರಿನ ಕಥೆಯಂತೂ ಇಡೀ ಯೋಜನೆಯ ಕಿರುಚಿತ್ರದಂತಿದೆ. 2009ರ ಸೆಪ್ಟೆಂಬರಿನ ಪರೀಕ್ಷಾ ಓಟದ ಕಾಲದಲ್ಲಿ ಅದನ್ನು ಚಿಮ್ಮಿಸುವ ಗಾಳಿಯೊತ್ತಡದ ವ್ಯವಸ್ಥೆ ಸ್ಫೋಟಿಸಿ ಕೆಲವರಿಗೆ ಗಾಯವಾಯಿತು. ನಾಲ್ಕು ವರ್ಷ ಅದು ಬರೀ ಕಂಬಿಗಳ ಸಾಲಾಗಿ ಸುಮ್ಮನೆ ನಿಂತಿತ್ತು. 2013ರ ಅಕ್ಟೋಬರ್ 31ರಂದು, ಮೂಲ ವೇಗವನ್ನು ಬಹಳಷ್ಟು ತಗ್ಗಿಸಿ, ಕಡೆಗೂ ಜನರಿಗೆ ತೆರೆದರು. ನಾಲ್ಕು ದಿನ ಓಡಿತು. ಮತ್ತೆ ಓಡಲಿಲ್ಲ.

2010ರಲ್ಲಿ ಟ್ರ್ಯಾಕಿನ ನಿರ್ವಹಣೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲಾಯಿತು. 2012ರಲ್ಲಿ ಬಾಡಿಗೆಯ ತಕರಾರಿನಲ್ಲಿ ರಾಜ್ಯ ಆ ಗುತ್ತಿಗೆಯನ್ನು ರದ್ದುಪಡಿಸಿತು. ಹೊಸ ನೆರವು ಕೊಡಬೇಕೆಂದರೆ ಯುರೋಪಿಯನ್ ಆಯೋಗದ ಒಪ್ಪಿಗೆ ಬೇಕಿತ್ತು, ಏಕೆಂದರೆ ಸರ್ಕಾರದ ಹಣದಿಂದ ಒಂದು ಉದ್ಯಮವನ್ನು ಸಾಕುವುದು ಒಕ್ಕೂಟದ ಸ್ಪರ್ಧಾ ನಿಯಮಗಳಿಗೆ ವಿರುದ್ಧ. ಒಪ್ಪಿಗೆ ಸಮಯಕ್ಕೆ ಬರಲಿಲ್ಲ. 2012ರ ಜುಲೈನಲ್ಲಿ ನ್ಯೂರ್ಬುರ್ಗ್‌ರಿಂಗ್ ಕಂಪನಿ ದಿವಾಳಿ ಅರ್ಜಿ ಹಾಕಿತು.

ಅಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಬೇಕು, ಗೊಂದಲವೆಲ್ಲ ಇರುವುದು ಇಲ್ಲೇ. ದಿವಾಳಿ ಆಡಳಿತಗಾರರ ಕೆಲಸ ಆಸ್ತಿ ಮಾರಿ ಸಾಲ ತೀರಿಸುವುದು. ಅವರ ದೃಷ್ಟಿಯಲ್ಲಿ ಅಂಗಡಿ ಬೀದಿಯೂ ನೋರ್ಡ್‌ಶ್ಲೈಫೆಯೂ ಒಂದೇ ಪಟ್ಟಿಯ ಎರಡು ಸಾಲು. ಸಾಲ ಮಾಡಿದ್ದು ಮೊದಲನೆಯದಕ್ಕಾಗಿ, ಬೆಲೆ ಬಾಳುತ್ತಿದ್ದುದು ಎರಡನೆಯದು. ಐಫೆಲ್‌ನ ಜನರೂ ಹಲವು ದೇಶಗಳ ಅಭಿಮಾನಿಗಳೂ 'ಸೇವ್ ದಿ ರಿಂಗ್' ಎಂಬ ಘೋಷಣೆಯಡಿ ಒಂದಾದದ್ದು, ಟ್ರ್ಯಾಕ್ ಶ್ರೀಮಂತನೊಬ್ಬನ ಸ್ವಂತ ಅಂಗಳವಾಗಿ ಗೇಟು ಮುಚ್ಚಿಬಿಟ್ಟರೆ ಏನು ಗತಿ ಎಂಬ ಆತಂಕದಿಂದ. ಆ ಆತಂಕದ ಫಲವಾಗಿ, ಮಾಲೀಕರು ಯಾರೇ ಆದರೂ ಸಾರ್ವಜನಿಕರಿಗೆ ಪ್ರವೇಶ ಇರಲೇಬೇಕೆಂಬ ಕಾನೂನನ್ನು ರಾಜ್ಯ ಮಾರಾಟಕ್ಕೆ ಮುಂಚೆಯೇ ಮಾಡಿತು. ಇಡೀ ದಶಕದ ಗದ್ದಲದಲ್ಲಿ ಟಿಕೆಟ್ ಕೊಳ್ಳುವವರ ಪಾಲಿಗೆ ದಕ್ಕಿದ ಗಟ್ಟಿಯಾದ ಫಲ ಇದೊಂದೇ ಎಂದರೂ ನಡೆಯುತ್ತದೆ.

2014ರ ಮಾರ್ಚ್‌ನಲ್ಲಿ ಡ್ಯುಸೆಲ್‌ಡಾರ್ಫ್ ಮೂಲದ ವಾಹನ ಬಿಡಿಭಾಗ ಕಂಪನಿಯೊಂದು ಸುಮಾರು 7.7 ಕೋಟಿ ಯೂರೋಗೆ ಎಲ್ಲವನ್ನೂ ಕೊಂಡಿತು. ವ್ಯಯವಾದ ಹಣದ ಪಕ್ಕದಲ್ಲಿ ಈ ಬೆಲೆಯನ್ನು ಇಟ್ಟು ನೋಡಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕೊಂಡವರಿಗೆ ಕಂತುಗಳನ್ನು ಕಟ್ಟುವುದು ಕಷ್ಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ರಷ್ಯಾದ ಔಷಧ ಉದ್ಯಮಿಯೊಬ್ಬರ ಹೂಡಿಕೆ ಕಂಪನಿ ಬಹುಪಾಲು ವಹಿಸಿಕೊಂಡಿತು. ಅದೇ ತಿಂಗಳು ಯುರೋಪಿಯನ್ ಆಯೋಗ ತನ್ನ ತೀರ್ಮಾನ ಕೊಟ್ಟಿತು: ಸುಮಾರು 45.6 ಕೋಟಿ ಯೂರೋ ಸರ್ಕಾರಿ ನೆರವು ನಿಯಮಬಾಹಿರ, ಆದರೆ ಅದನ್ನು ಮರಳಿಸುವ ಹೊಣೆ ಹೊಸ ಮಾಲೀಕರದಲ್ಲ, ಮಾರಾಟ ಸರಿಯಾಗಿಯೇ ನಡೆದಿದೆ. ಈ ಕೊನೆಯ ಮಾತನ್ನು ಒಪ್ಪದ ಅಭಿಮಾನಿ ಸಂಘವೊಂದು ಮತ್ತು ಖರೀದಿಯ ಪೈಪೋಟಿಯಲ್ಲಿ ಸೋತಿದ್ದ ಅಮೆರಿಕದ ನೆಕ್ಸೋವೇಶನ್ ಕಂಪನಿ ನ್ಯಾಯಾಲಯಕ್ಕೆ ಹೋದವು. ಕೆಳಹಂತದಲ್ಲಿ ಸೋಲಾಯಿತು. 2021ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ನ್ಯಾಯಾಲಯ, ಖರೀದಿದಾರರ ಬಳಿ ಹಣದ ಖಾತರಿ ನಿಜಕ್ಕೂ ಇತ್ತೇ ಎಂಬ ಅನುಮಾನಕ್ಕೆ ಆಸ್ಪದವಿದ್ದಾಗ ಆಯೋಗ ವಿಧಿವತ್ತಾದ ತನಿಖೆ ನಡೆಸಬೇಕಿತ್ತು ಎಂದು ಹೇಳಿ ಆ ಭಾಗವನ್ನು ರದ್ದುಮಾಡಿತು. ಮಾರಾಟವೇ ರದ್ದಾಯಿತೆಂದು ಕೆಲವರು ಅದನ್ನು ಅರ್ಥೈಸಿದ್ದುಂಟು. ತೀರ್ಪು ಹೇಳಿದ್ದು ಅದನ್ನಲ್ಲ.

ಅದೇ 2021ರ ಜುಲೈನಲ್ಲಿ ಪಕ್ಕದ ಆರ್ ಕಣಿವೆಯನ್ನು ಭೀಕರ ಪ್ರವಾಹ ಕೊಚ್ಚಿದಾಗ ರಿಂಗ್ ಪರಿಹಾರ ಕಾರ್ಯದ ನೆಲೆಯಾಯಿತು. ರೇಸಿಗೆಂದು ಕಟ್ಟಿದ ವಿಶಾಲ ಅಂಗಳಗಳಲ್ಲಿ ರಕ್ಷಣಾ ವಾಹನಗಳೂ ನೆರವಿನ ಸಾಮಗ್ರಿಯೂ ತುಂಬಿಕೊಂಡವು.

ಇಷ್ಟೆಲ್ಲ ಆಗುತ್ತಿದ್ದಾಗ ಟ್ರ್ಯಾಕಿನ ಮೇಲೂ ಬದಲಾವಣೆಗಳಾದವು. 2015ರ ಮಾರ್ಚ್‌ನಲ್ಲಿ ಫ್ಲುಗ್‌ಪ್ಲಾಟ್ಸ್ ಏರಿನಲ್ಲಿ ರೇಸ್ ಕಾರೊಂದು ಗಾಳಿಗೆದ್ದು ಬೇಲಿ ದಾಟಿ ಪ್ರೇಕ್ಷಕರೊಬ್ಬರು ಸತ್ತರು. ಕೆಲ ಭಾಗಗಳಲ್ಲಿ ವೇಗಮಿತಿ ಬಂತು, ಮರುವರ್ಷ ರಸ್ತೆಯನ್ನು ತಿದ್ದಿ ಅದನ್ನು ತೆಗೆದರು. ಕಂಪನಿಗಳ ದಾಖಲೆ ಪೈಪೋಟಿ ಮತ್ತೆ ಚುರುಕಾಯಿತು. 2024ರ ಸೆಪ್ಟೆಂಬರಿನಲ್ಲಿ ಮರ್ಸಿಡಿಸ್-ಎಎಂಜಿ ಒನ್ ಪೂರ್ಣ ಸುತ್ತನ್ನು 6 ನಿಮಿಷ 29.090 ಸೆಕೆಂಡಿನಲ್ಲಿ ಮುಗಿಸಿತು. ಇಂಥ ಅಂಕಿಗಳನ್ನು ಓದಿಕೊಂಡು ಬರುವ ಪ್ರವಾಸಿ ಚಾಲಕರಿಗೆ ಗೇಟಿನಲ್ಲಿ ಬೇರೆಯೇ ಪಾಠ ಕಾದಿರುತ್ತದೆ. ಸಾರ್ವಜನಿಕರ ಹೊತ್ತಿನಲ್ಲಿ ನೋರ್ಡ್‌ಶ್ಲೈಫೆ ಕಾನೂನಿನ ಪ್ರಕಾರ ಒಂದು ಏಕಮುಖ ಸುಂಕದ ರಸ್ತೆ, ನಮ್ಮ ಟೋಲ್ ರಸ್ತೆಗಳ ಹಾಗೆ. ಜರ್ಮನಿಯ ಸಂಚಾರ ನಿಯಮಗಳೆಲ್ಲ ಅನ್ವಯಿಸುತ್ತವೆ: ಬಲಕ್ಕೆ ಸರಿದು ಓಡಿಸಬೇಕು, ಎಡದಿಂದಷ್ಟೇ ಹಿಂದಿಕ್ಕಬೇಕು, ಸಮಯ ಅಳೆಯುವಂತಿಲ್ಲ. ಪ್ರತಿ ಸುತ್ತಿಗೂ ಡೊಟಿಂಗರ್ ಹೋಹೆ ಎಂಬ ನೇರ ದಾರಿಯಲ್ಲಿ ಹೊರಬಂದು ಮತ್ತೆ ಗೇಟು ದಾಟಬೇಕಾದ್ದರಿಂದ ಪೂರ್ಣ ಸುತ್ತಿನ ವೇಗ ಅಳೆಯುವುದು ಸಾಧ್ಯವೂ ಇಲ್ಲ. ತಡೆಬೇಲಿಗೆ ಗುದ್ದಿದರೆ ಬೇಲಿಯ ಖರ್ಚೂ, ಟ್ರ್ಯಾಕ್ ಮುಚ್ಚಿದ ಹೊತ್ತಿನ ಖರ್ಚೂ ಚಾಲಕನ ತಲೆಗೇ ಬರುತ್ತದೆ. ಸಾಮಾನ್ಯ ಬಾಡಿಗೆ ಕಾರುಗಳ ಕರಾರಿನಲ್ಲಿ ಇಲ್ಲಿಗೆ ಪ್ರವೇಶ ನಿಷಿದ್ಧ. ಜರ್ಮನಿಗೆ ಕೆಲಸಕ್ಕೋ ಓದಿಗೋ ಹೋದ ಕನ್ನಡಿಗರು ಮ್ಯೂನಿಕ್ಕಿನಲ್ಲಿ ಬಾಡಿಗೆಗೆ ಪಡೆದ ಕಾರನ್ನು ನೇರ ಇಲ್ಲಿಗೆ ತರುವ ಮೊದಲು ಆ ಕರಾರನ್ನೊಮ್ಮೆ ಓದುವುದು ಒಳ್ಳೆಯದು. ಟ್ರ್ಯಾಕಿಗೆಂದೇ ಕಾರು ಬಾಡಿಗೆಗೆ ಕೊಡುವವರು ನ್ಯೂರ್ಬುರ್ಗ್ ಊರಲ್ಲೇ ಇದ್ದಾರೆ.

ಗೇಟಿನ ನಿಯಮಗಳಲ್ಲಿ ಈಚಿನ ದೊಡ್ಡ ಬದಲಾವಣೆ 2025ರ ಋತುವಿನಿಂದ ಜಾರಿಗೆ ಬಂದದ್ದು. ಸುರಕ್ಷತೆಯ ಕಾರಣ ಕೊಟ್ಟು, ಪ್ರವಾಸಿ ಓಟದ ಹೊತ್ತಿನಲ್ಲಿ ಮೋಟಾರ್‌ಸೈಕಲ್‌ಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಲಾಯಿತು. ಕಾರುಗಳ ನಡುವೆ ಎರಡು ಚಕ್ರದವರು ಓಡುವುದರ ಅಪಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ 1927ರ ಜೂನ್ 18ರ ಶನಿವಾರ ಈ ಟ್ರ್ಯಾಕಿನ ಮೊಟ್ಟಮೊದಲ ಓಟ ನಡೆದಾಗ ಅದರಲ್ಲಿ ಕಾರುಗಳೇ ಇರಲಿಲ್ಲ. ಕಾರುಗಳ ಸರದಿ ಬಂದದ್ದು ಮರುದಿನ. ಮೊದಲ ದಿನದ ಓಟ ಮೋಟಾರ್‌ಸೈಕಲ್‌ಗಳದು.