ಆರ್ಗಾನ್ ಯಾವುದರ ಜೊತೆಗೂ ಕೂಡುವುದಿಲ್ಲವೇ?

ಪ್ರಶ್ನೆ: ಪುಣೆಯಲ್ಲಿ ಹನ್ನೆರಡನೇ ಕ್ಲಾಸು ಓದುತ್ತಿದ್ದೇನೆ. ಜಡಾನಿಲಗಳು ಯಾವುದರೊಂದಿಗೂ ಸೇರುವುದಿಲ್ಲ ಎಂದು ಕಲಿತಿದ್ದೆ, ಈಗ ಪುಸ್ತಕದಲ್ಲಿ ಜೆನಾನ್ ಫ್ಲೋರೈಡ್ ಬಂದಿದೆ. ಹಾಗಾದರೆ ನಮ್ಮಪ್ಪ ಭೋಸರಿಯ ವರ್ಕ್‌ಶಾಪಿನಲ್ಲಿ ಟಿಗ್ ವೆಲ್ಡಿಂಗಿಗೆ (ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್, ಅಂದರೆ ವಿದ್ಯುತ್ ಜ್ವಾಲೆ ಹೊತ್ತಿಸಿ ಲೋಹ ಬೆಸೆಯುವುದು) ಬಿಡುವ ಆರ್ಗಾನೂ ಸ್ಟೀಲಿನ ಜೊತೆ ಸೇರುತ್ತದೆಯೇ? ವೆಲ್ಡ್ ಕಪ್ಪಾಗುವುದು ಅದರಿಂದಲೇ?

ಉತ್ತರ: ಸೇರುವುದಿಲ್ಲ. ಆರ್ಕಿನ ಬಿಸಿಗೆ ಆರ್ಗಾನ್ ಪರಮಾಣು ಎಲೆಕ್ಟ್ರಾನ್ ಕಳೆದುಕೊಳ್ಳುವುದು ನಿಜ, ಆದರೆ ಆರ್ಕ್ ದಾಟಿದೊಡನೆ ಮತ್ತೆ ಪಡೆಯುತ್ತದೆ. ವೆಲ್ಡ್ ಕಪ್ಪಾಗಿಸುವುದು ಗಾಳಿಯ ಆಮ್ಲಜನಕ, ಅದನ್ನು ದೂರವಿಡಲೆಂದೇ ಆರ್ಗಾನ್ ಬಿಡುವುದು. ನಿಮಿಷಕ್ಕೆ 8ರಿಂದ 12 ಲೀಟರ್ ಸಾಮಾನ್ಯವಾಗಿ ಸಾಕು. ಕಪ್ಪಾಯಿತೆಂದು ಗ್ಯಾಸ್ ವಿಪರೀತ ಏರಿಸಿದರೆ ಹರಿವು ಸುಳಿಯಾಗಿ ಸುತ್ತಲಿನ ಗಾಳಿಯನ್ನೇ ಒಳಗೆಳೆಯುತ್ತದೆ. ಮೊದಲು ಫ್ಯಾನಿನ ಗಾಳಿ ವೆಲ್ಡಿಗೆ ಬೀಸದಂತೆ ಅದನ್ನು ಬೇರೆ ಕಡೆಗೆ ತಿರುಗಿಸಿ, ಹೋಸ್ ಸೋರಿಕೆ ನೋಡಿ. ಆರ್ಕ್ ನಿಂತ ಮೇಲೂ ಟಂಗ್‌ಸ್ಟನ್ ತಣಿಯುವವರೆಗೆ ಕೆಲವು ಸೆಕೆಂಡು ಗ್ಯಾಸ್ ಹರಿಯಲಿ. ಸ್ಟೇನ್‌ಲೆಸ್ ಪೈಪಿನ ಒಳಗೂ ಆರ್ಗಾನ್ ತುಂಬದಿದ್ದರೆ ಹಿಂಬದಿ ಸುಟ್ಟ ಸಕ್ಕರೆಯಂತೆ ಉಬ್ಬುತ್ತದೆ.

ಇನ್ನು ಜೆನಾನ್. 1962ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ರಸಾಯನವಿಜ್ಞಾನಿ ನೀಲ್ ಬಾರ್ಟ್ಲೆಟ್ ಗಮನಿಸಿದ್ದು ಎರಡು ಅಂಕಿಗಳನ್ನು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಅವರಿಗೆ ಗೊತ್ತಿತ್ತು. ಅದಕ್ಕೆ ಬೇಕಾದ ಶಕ್ತಿ ಮೋಲ್‌ಗೆ ಸುಮಾರು 1175 ಕಿಲೋಜೌಲ್, ಜೆನಾನಿಗೆ 1170. ಆಮ್ಲಜನಕ ಕೊಡುವುದಾದರೆ ಜೆನಾನ್ ಏಕೆ ಕೊಡಬಾರದು? ಪ್ಲಾಟಿನಂ ಹೆಕ್ಸಾಫ್ಲೋರೈಡಿನ ಕಡುಗೆಂಪು ಆವಿಗೆ ಬಣ್ಣವಿಲ್ಲದ ಜೆನಾನ್ ಸೇರಿಸಿದಾಗ ಕಿತ್ತಳೆ ಮಿಶ್ರಿತ ಹಳದಿ ಪುಡಿ ಕೂತಿತು. ಅದು ಒಂದೇ ಶುದ್ಧ ವಸ್ತುವಲ್ಲ, ಮಿಶ್ರಣ ಎಂದು ಆಮೇಲೆ ತಿಳಿಯಿತು. ಆದರೂ ಬೀಗ ಒಡೆದದ್ದು ಅದೇ.

ಪರೀಕ್ಷೆಗೆ ಬೇಕಾದ ಭಾಗ ಇಲ್ಲಿದೆ. ನಿಕಲ್ ಪಾತ್ರೆಯಲ್ಲಿ ಫ್ಲೋರಿನ್‌ಗಿಂತ ಜೆನಾನ್ ಹೆಚ್ಚಿಟ್ಟು 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಜೆನಾನ್ ಡೈಫ್ಲೋರೈಡ್. ಒಂದು ಪಾಲು ಜೆನಾನಿಗೆ ಐದು ಪಾಲು ಫ್ಲೋರಿನ್, 600 ಡಿಗ್ರಿ, 7 ಬಾರ್ ಒತ್ತಡ ಇದ್ದರೆ ಟೆಟ್ರಾಫ್ಲೋರೈಡ್. ಇಪ್ಪತ್ತು ಪಾಲು ಫ್ಲೋರಿನ್, 300 ಡಿಗ್ರಿ, 60–70 ಬಾರ್ ಆದರೆ ಹೆಕ್ಸಾಫ್ಲೋರೈಡ್. ನಿಕಲ್ಲೇ ಏಕೆ? ಅದರ ಮೇಲೆ ತೆಳುವಾದ ಫ್ಲೋರೈಡ್ ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಹೆಕ್ಸಾಫ್ಲೋರೈಡ್ ಗಾಜನ್ನೇ ತಿನ್ನುತ್ತದೆ. ಅದಕ್ಕೆ ತೇವ ತಗುಲಿದರೆ ಜೆನಾನ್ ಟ್ರೈಆಕ್ಸೈಡ್ ಆಗುತ್ತದೆ. ಆ ಬಿಳಿ ಹರಳು ಒಣಗಿದಾಗ ಸಣ್ಣ ತಾಕಿಗೂ ಸ್ಫೋಟಿಸುತ್ತದೆ. ಇದು ಕಾಲೇಜು ಲ್ಯಾಬಿನಲ್ಲಿ ಮಾಡಿ ನೋಡುವ ಪ್ರಯೋಗ ಖಂಡಿತ ಅಲ್ಲ.

ಉಳಿದ ಅನಿಲಗಳು ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ಲೆಕ್ಕ ಹಾಕಿ. ಫ್ಲೋರಿನ್ ಅಣು ಒಡೆಯಲು 158 ಕಿಲೋಜೌಲ್ ಖರ್ಚು. ಡೈಫ್ಲೋರೈಡಿನಲ್ಲಿ ಜೆನಾನ್ ಎರಡು ಬಂಧ ಕಟ್ಟಿದರೆ ಒಂದಕ್ಕೆ ಸುಮಾರು 130ರಂತೆ 260 ವಾಪಸ್ಸು, ಲಾಭ. ಕ್ರಿಪ್ಟಾನಿನದು ಒಂದಕ್ಕೆ ಸುಮಾರು 50 ಮಾತ್ರ, ನಷ್ಟ. ಹಾಗಾಗಿ ಕ್ರಿಪ್ಟಾನ್ ಡೈಫ್ಲೋರೈಡನ್ನು ಕೊರೆಯುವ ಚಳಿಯಲ್ಲಿ ತಯಾರಿಸಬೇಕು. ಕೋಣೆಯ ಬಿಸಿಗೆ ಅದು ತಾನಾಗಿ ಒಡೆಯುತ್ತದೆ. ಆರ್ಗಾನಿನಿಂದ ಎಲೆಕ್ಟ್ರಾನ್ ಕೀಳಲು 1521 ಕಿಲೋಜೌಲ್ ಬೇಕು. ಹೆಲ್ಸಿಂಕಿಯ ವಿಜ್ಞಾನಿಗಳು 2000ದಲ್ಲಿ ಹೈಡ್ರೋಜನ್, ಆರ್ಗಾನ್, ಫ್ಲೋರಿನ್ ಮೂರೂ ಇರುವ ಅಣುವನ್ನು ಹೆಪ್ಪುಗಟ್ಟಿದ ಆರ್ಗಾನಿನೊಳಗೆ, ಸುಮಾರು ಮೈನಸ್ 265 ಡಿಗ್ರಿಯಲ್ಲಿ ಪಡೆದರು. ಸ್ವಲ್ಪ ಬಿಸಿಯಾದರೂ ಅದು ಉಳಿಯುವುದಿಲ್ಲ. ನಿಯಾನಿಗೆ ಸ್ಥಿರವಾದ ಸಂಯುಕ್ತ ಯಾವುದೂ ಸಿಕ್ಕಿಲ್ಲ.